ಹಿಂದಿನ ಸೀಟಿನ ಭಾರ

ಆ ತಗಡಿನ ಡಬ್ಬಿಯನ್ನು ವಿಜಯಾ ಮನೆಗೆ ತಂದದ್ದು ಸಂಡಿಗೆ ತುಂಬಿಡೋಣ ಅಂತ. ಲಂಡನ್ನಿನ ಕಿಂಗ್ಸ್‌ಬರಿಯ ಅವರ ಬೀದಿಯಲ್ಲಿ ಬಹಳ ಕಾಲ ಬೀಗ ಹಾಕಿದ್ದ ಮನೆಯೊಂದು ಮಾರಾಟವಾಗಿ, ಕೊಂಡವರು ಒಳಗಿದ್ದದ್ದನ್ನೆಲ್ಲ ಎತ್ತಿ ಬಾಗಿಲ ಮುಂದಿನ ಕಬ್ಬಿಣದ ಕಸದ ತೊಟ್ಟಿಗೆ ಸುರಿಯುತ್ತಿದ್ದರು. ತರಕಾರಿ ಟ್ರಾಲಿ ಎಳೆದುಕೊಂಡು ಬರುತ್ತಿದ್ದ ವಿಜಯಾಗೆ ಮುರಿದ ಕುರ್ಚಿಗಳ ನಡುವೆ ಅದು ಕಂಡಿತು. ಬಣ್ಣ ಹೋಗಿತ್ತು, ಆದರೆ ಮುಚ್ಚಳ ಬಿಗಿಯಾಗಿತ್ತು. ಬಿಗಿಯಾದ ಮುಚ್ಚಳದ ಡಬ್ಬಿಯನ್ನು ಬಿಟ್ಟು ಬರುವ ಹೆಂಗಸು ಅವಳಲ್ಲ. ಅಲ್ಲಿದ್ದ ಕೆಲಸದವನನ್ನು ಕೇಳಿದಳು, ಅವನು ಎತ್ತಿ ಟ್ರಾಲಿಯ ಮೇಲಿಟ್ಟ.

ಮನೆಗೆ ಬಂದು ಮುಚ್ಚಳ ತೆಗೆದರೆ ಒಳಗೆ ಹನ್ನೆರಡು ನೋಟ್‌ಪುಸ್ತಕ. ಕಪ್ಪು ರಟ್ಟು, ಕೆಂಪು ಬೆನ್ನು. ಪೇಪರಿನ ತೊಟ್ಟಿಗೆ ಹಾಕುವ ಮೊದಲು ಊಟದ ಮೇಜಿನ ಮೇಲೆ ಪೇರಿಸಿಟ್ಟಳು. ಗಂಡ ವೇಣುಗೋಪಾಲ ಕಾಫಿ ಕುಡಿಯುತ್ತ ಒಂದನ್ನು ತೆರೆದವನು ಲೋಟ ಕೆಳಗಿಟ್ಟ. ಎಪ್ಪತ್ತು ದಾಟಿದ ಮನುಷ್ಯ. ಸಾಫ್ಟ್‌ವೇರ್ ಕೆಲಸದಿಂದ ನಿವೃತ್ತನಾದ ಮೇಲೆ ಹಳೇ ಕಾರಿನವರ ಸಂಘ ಸೇರಿ, ಶನಿವಾರಗಳನ್ನು ಅಲ್ಲೇ ಕಳೆಯುತ್ತಿದ್ದವನು. ಎಜ್‌ವೇರ್ ರಸ್ತೆಯ ಪಕ್ಕದಲ್ಲಿ ಯುದ್ಧಕ್ಕೆ ಮುಂಚೆ ಪೆಲ್‌ಹಾಮ್ ಅಂಡ್ ಕ್ರೋ ಅಂತ ಒಂದು ಕಾರ್ಖಾನೆ ಇತ್ತು, ಶ್ರೀಮಂತರಿಗೆ ಕಾರು ಕಟ್ಟಿಕೊಡುತ್ತಿದ್ದರು ಎಂಬುದು ಅವನಿಗೆ ಗೊತ್ತಿತ್ತು. ಅವರು ಪ್ರಯೋಗಕ್ಕೆಂದು ಒಂದೇ ಒಂದು ಕಾರು ಮಾಡಿದ್ದರು. ಅದಕ್ಕೆ ಹೆಸರೂ ಇಟ್ಟಿರಲಿಲ್ಲ, ಒಂಬತ್ತನೇ ನಂಬರು ಅನ್ನುತ್ತಿದ್ದರು. ಲಂಡನ್ನಿನಲ್ಲೇ ಅತ್ಯಂತ ಸದ್ದಿಲ್ಲದ ಕಾರು ಮಾಡಬೇಕು ಅಂತ ಹೊರಟು, ಎರಡು ವರ್ಷ ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಿ, ಯುದ್ಧ ಬಂದದ್ದೇ ಕೈಬಿಟ್ಟರು. ಆ ಪರೀಕ್ಷೆಯ ದಿನಚರಿ, ಸಾವಿರದ ಒಂಬೈನೂರ ಮೂವತ್ತೇಳರ ಅಕ್ಟೋಬರಿನಿಂದ ಮೂವತ್ತೊಂಬತ್ತರ ಆಗಸ್ಟಿನವರೆಗೆ, ಈಗ ಮೇಜಿನ ಮೇಲಿತ್ತು.

ಸಂಜೆಯೊಳಗೆ ಅವನು ಆರು ಜನಕ್ಕೆ ಫೋನ್ ಮಾಡಿದ. ಆರು ಜನಕ್ಕೂ ಒಂದೇ ಮಾತು: ನನಗೆ ಸಿಕ್ಕಿತು.

"ನಿಮಗೆಲ್ಲಿ ಸಿಕ್ತು?" ಅಂತ ವಿಜಯಾ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಕೇಳಿದಳು.

"ಅದೊಂದು ದೊಡ್ಡ ವಿಷಯಾನಾ ಈಗ? ಡಬ್ಬಿ ನಿನಗೆ ಸಿಕ್ತು. ಪುಸ್ತಕ ನನಗೆ ಸಿಕ್ತು."

ಪುಸ್ತಕ ಸಿಕ್ಕಿತೇನೋ ನಿಜ, ಓದಲಿಕ್ಕೆ ಬರಲಿಲ್ಲ. ಪೆನ್ಸಿಲ್ಲಿನಲ್ಲಿ ಕೂಡಿಸಿ ಬರೆದ ಇಂಗ್ಲಿಷ್ ಅಕ್ಷರ, ಕೆಲವು ಕಡೆ ಕಾಗೆಕಾಲು ಗುಬ್ಬಿಕಾಲು. ವೇಣುಗೋಪಾಲ ಎರಡು ದಿನ ಕನ್ನಡಕ ಏರಿಸಿ ಇಳಿಸಿ ನೋಡಿ, ಮೂರನೇ ದಿನ ಪುಸ್ತಕವನ್ನು ಹೆಂಡತಿಯ ಕಡೆ ತಳ್ಳಿದ. ವಿಜಯಾ ಮೈಸೂರಿನಲ್ಲಿ ಹತ್ತು ವರ್ಷ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟಾಗಿದ್ದವಳು. ವಕೀಲರು ಬರೆದದ್ದನ್ನು ವಕೀಲರಿಗೇ ಓದಿ ಹೇಳುತ್ತಿದ್ದವಳು. ಲಂಡನ್ನಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದರೂ ಆ ಕಣ್ಣು ಮರೆತಿರಲಿಲ್ಲ.

ಕಣ್ಣು ಅಂದರೆ ಈಗ ಬಲಗಣ್ಣು. ಎಡಗಣ್ಣಿನ ನಡುಭಾಗ ನಾಲ್ಕು ವರ್ಷದ ಹಿಂದೆಯೇ ಹೋಗಿತ್ತು. ಮಗಳು ಅಪೂರ್ವಾಳ ಬಾಣಂತನಕ್ಕೆ ಸ್ಟ್ರಾಟ್‌ಫರ್ಡಿನ ಫ್ಲ್ಯಾಟಿನಲ್ಲಿ ಐದು ತಿಂಗಳು ಇದ್ದಾಗ ಎಡಗಡೆ ಏನೋ ಮಬ್ಬು ಮಬ್ಬು. ಕನ್ನಡಕ ಕೊಳೆಯಾಗಿದೆ ಅಂದುಕೊಂಡು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಡಾಕ್ಟರ ಹತ್ತಿರ ಹೋದರೆ, ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತ ಒಸರಿ ಗಾಯ ಕಟ್ಟಿದೆ, ಇನ್ನೇನೂ ಮಾಡಲಾಗದು ಅಂದರು. ಈ ಮಾರ್ಚಿನಲ್ಲಿ ಬಲಗಣ್ಣಿಗೂ ಅದೇ ಶುರುವಾಯಿತು. ಆದರೆ ಈ ಸಲ ಬೇಗ ಗೊತ್ತಾಯಿತು, ಒಲೆಯ ಹಿಂದಿನ ಗೋಡೆಯಿಂದ. ಬಿಳಿ ಟೈಲುಗಳ ನಡುವಿನ ನೆಟ್ಟಗಿನ ಗೆರೆ ಒಂದು ಬೆಳಿಗ್ಗೆ ಹಾಲು ಕಾಯಿಸುವಾಗ ಕೊಂಚ ಬಳುಕಿದ ಹಾಗೆ ಕಂಡಿತು. ಆಸ್ಪತ್ರೆಯವರು ಕಣ್ಣಿಗೆ ಇಂಜೆಕ್ಷನ್ ಕೊಡಲು ಶುರು ಮಾಡಿದರು. ತಿಂಗಳಿಗೊಂದರಂತೆ ಮೂರು, ಆಮೇಲೆ ನೋಡಿಕೊಂಡು. ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು: ದಿನ ತಪ್ಪಿಸಬೇಡಿ, ನಿಮಗಿರುವುದು ಇದೊಂದೇ ಕಣ್ಣು. ಮೊದಲ ಇಂಜೆಕ್ಷನ್ ಆದ ವಾರದಲ್ಲಿ ಗೆರೆ ನೆಟ್ಟಗಾಯಿತು. ಡಬ್ಬಿ ಮನೆಗೆ ಬಂದದ್ದು ಅದರ ಮರುವಾರ.

ಮಧ್ಯಾಹ್ನ ಪಾತ್ರೆ ತೊಳೆದು, ಒಲೆ ಒರೆಸಿ, ಎರಡು ಗಂಟೆಗೆ ವಿಜಯಾ ಭೂತಕನ್ನಡಿ ಹಿಡಿದು ಕೂರುವಳು. ನಾಲ್ಕರವರೆಗೆ ಓದಿ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವಳು. ನಾಲ್ಕಕ್ಕೆ ಕಾಫಿ. ವೇಣುಗೋಪಾಲ ಎದುರಿಗೆ ಕೂತು ಅವಳು ಟೈಪು ಮಾಡಿದ್ದನ್ನು ಓದಿ ತನಗೆ ಬೇಕಾದ ಸಾಲುಗಳಿಗೆ ಕೆಂಪು ಬಣ್ಣ ಹಚ್ಚುವನು. ಆ ಕಾರಿನ ಬಗ್ಗೆ ಅವನು ಪುಸ್ತಕ ಬರೆಯುತ್ತಿದ್ದ.

ಪ್ರತಿ ಪುಟದಲ್ಲೂ ಗೆರೆ ಹಾಕಿದ ಕಾಲಮ್ಮುಗಳು. ತಾರೀಕು, ದಾರಿ, ಹವೆ. ಡ್ರೈವರು: ಸಿಡ್ನಿ ಪ್ರೌಟ್. ಅದರ ಕೆಳಗೆ, ಹಿಂದಿನ ಸೀಟಿನ ಭಾರ, ಹದಿನಾಲ್ಕು ಪೌಂಡಿಗೊಂದು ಸ್ಟೋನ್ ಲೆಕ್ಕದಲ್ಲಿ.

"ರೀ, ಇಲ್ಲಿ ನೋಡಿ," ಅಂತ ವಿಜಯಾ ಮೊದಲ ದಿನವೇ ನಕ್ಕಳು. "ಮರಳಿನ ಮೂಟೆ ಎರಡು. ಹೆಂಡತಿ ಒಂದು, ಒಂಬತ್ತು ಸ್ಟೋನ್ ಎರಡು ಪೌಂಡು."

"ಸರಿಯಾಗೇ ಇದೆ. ಲಕ್ಷುರಿ ಕಾರು ಕಣೇ. ಅದರ ಯಜಮಾನ ಹಿಂದೆ ಕೂರ್ತಾನೆ. ಹಿಂದೆ ಭಾರ ಇಲ್ದೆ ಸ್ಪ್ರಿಂಗು ಹೆಂಗಿದೆ ಅಂತ ಗೊತ್ತಾಗೋದು ಹೇಗೆ?"

"ಇನ್ನೊಂದು ಮೂಟೆ ಹಾಕ್ಕೋಬಹುದಿತ್ತಲ್ಲ."

"ಮೂಟೆ ಮಾತಾಡುತ್ತಾ? ಸದ್ದು ಬಂದ್ರೆ ಹೇಳೋರು ಬೇಡ್ವಾ?"

"ಓ. ಹಾಗಿದ್ರೆ ಮಾತಾಡೋ ಮೂಟೆ."

ವಾರದಲ್ಲಿ ನಾಲ್ಕು ದಿನ ಆ ಹೆಂಡತಿ ಕಾರಿನ ಹಿಂದಿನ ಸೀಟಿನಲ್ಲಿ ಇರುತ್ತಿದ್ದಳು. ಒಂಬತ್ತೂಕಾಲಿಗೆ ಕಾರ್ಖಾನೆಯ ಗೇಟು ಬಿಟ್ಟರೆ ಬ್ರಾಕ್ಲಿ ಹಿಲ್ ಏರಿ, ಎಲ್‌ಸ್ಟ್ರೀ ದಾಟಿ, ಸೇಂಟ್ ಆಲ್ಬನ್ಸ್‌ವರೆಗೆ ಹೋಗಿ ಮೂರು ಗಂಟೆಗೆ ವಾಪಸು. ತೊಡೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಅಂಚಿಗೆ ಬೆರಳಗಲ ಬಿಟ್ಟು ತುಂಬಿದ ಚಹಾದ ಕಪ್ಪು. ಎಲ್ಲಿ ಎಷ್ಟು ಚೆಲ್ಲಿತು ಎಂಬುದಕ್ಕೆ ಲೆಕ್ಕ: ಎಲ್‌ಸ್ಟ್ರೀ ತಿರುವಿನಲ್ಲಿ ಒಂದು ಟೀ ಚಮಚ. ರೇಷ್ಮೆ ಉಡುಪಿನಲ್ಲಿ ಸೀಟಿನ ಮೇಲೆ ಜಾರುತ್ತದೆ, ಉಣ್ಣೆಯಲ್ಲಿ ಜಾರುವುದಿಲ್ಲ. ಟೋಪಿ ಹಾಕಿ ಹತ್ತುವಾಗ ಬಾಗಿಲಿನ ಚೌಕಟ್ಟು ತಾಗುತ್ತದೆ. ಇದನ್ನೆಲ್ಲ ಟೈಪು ಮಾಡುತ್ತ ವಿಜಯಾ ಬೇರೆ ಲೆಕ್ಕ ಹಾಕುತ್ತಿದ್ದಳು. ಚಹಾ ಚೆಲ್ಲಿದ ಆ ರೇಷ್ಮೆಯನ್ನು ಸಂಜೆ ಒಗೆದವರಾರು. ಒಂಬತ್ತಕ್ಕೆ ಗೇಟಿನಲ್ಲಿ ಇರಬೇಕಾದರೆ ಮನೆಯ ಒಲೆ ಎಷ್ಟಕ್ಕೆ ಹೊತ್ತಿಸಿರಬೇಕು.

ಎರಡನೇ ಪುಸ್ತಕದ ನಡುವೆ ಅವಳಿಗೆ ಒಂದು ಸಂಗತಿ ಹೊಳೆಯಿತು. ಬ್ರಾಕ್ಲಿ ಹಿಲ್ಲಿನ ಸಾಲು ಬಂದಾಗಲೆಲ್ಲ ಅಕ್ಷರ ನಡುಗುತ್ತಿತ್ತು. ಇಳಿಜಾರಿನ ಸಾಲಿನಲ್ಲಿ ಪೆನ್ಸಿಲು ಬಲಕ್ಕೆ ಜಾರಿತ್ತು. ಕೂತಲ್ಲಿ ಕೂತು ಬರೆದದ್ದಲ್ಲ ಇದು, ಓಡುವ ಕಾರಿನಲ್ಲಿ ಬರೆದದ್ದು.

"ಡ್ರೈವರಿನ ಎರಡು ಕೈ ಸ್ಟಿಯರಿಂಗ್ ಮೇಲಿರುತ್ತೆ ಅಲ್ವೇನ್ರಿ?"

"ಇರ್ಬೇಕು. ಯಾಕೆ?"

"ಹಾಗಿದ್ರೆ ಇದನ್ನ ಬರೆದೋರು ಯಾರು?"

ವೇಣುಗೋಪಾಲ ಕೆಂಪು ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಅವನು ಹೇಳಿರ್ತಾನೆ, ಅವಳು ಬರ್ಕೊಂಡಿರ್ತಾಳೆ. ನೀನು ವಕೀಲರ ಹತ್ರ ಮಾಡ್ತಿರ್ಲಿಲ್ವಾ, ಹಾಗೆ."

ಆದರೆ ಅಲ್ಲೇ ಇತ್ತು ಸಾಲು: ನಲವತ್ತೆರಡು ಮೈಲಿ ವೇಗದಲ್ಲಿ ಹಿಂದೆ ಎಡಗಡೆ ಬಡಿತದ ಸದ್ದು. ಸಿ.ಗೆ ಕೇಳಿಸುತ್ತಿಲ್ಲ. ಕೇಳಿಸದ ಸಿಡ್ನಿ ಹೇಳಿ ಬರೆಸಿರುತ್ತಾನೆಯೇ? ಹನ್ನೆರಡು ಪುಸ್ತಕ ಬರೆದವಳು ಆ ಹೆಂಗಸೇ. ಪ್ರತಿ ಪುಟದ ತಲೆಯಲ್ಲಿ ಗಂಡನ ಹೆಸರನ್ನು ಪೂರ್ತಿ ಬರೆದು, ಕೆಳಗಿನ ಕಾಲಮ್ಮಿನಲ್ಲಿ ತನ್ನನ್ನು ತೂಕಕ್ಕೆ ಹಾಕಿ 'ಹೆಂಡತಿ' ಅಂತ ಬರೆದುಕೊಂಡವಳೂ ಅವಳೇ. ಎಲ್ಲಾದರೂ ಒಂದು ಕಡೆ ಹೆಸರು ಬರೆದಿರಲೇಬೇಕು ಅಂತ ವಿಜಯಾ ಅಂದಿನಿಂದ ಹುಡುಕತೊಡಗಿದಳು. ವೇಣುಗೋಪಾಲನಿಗೆ ಬೇಕಾದದ್ದು ಸ್ಪ್ರಿಂಗು. ಅವಳಿಗೆ ಬೇಕಾದದ್ದು ಅದೊಂದು.

ಹೆಸರು ಸಿಗಲಿಲ್ಲ, ತೂಕ ಸಿಕ್ಕಿತು. ನಾಲ್ಕನೇ ಪುಸ್ತಕದಲ್ಲಿ ಹೆಂಡತಿ ಒಂಬತ್ತು ಸ್ಟೋನ್ ಏಳು. ಐದರಲ್ಲಿ ಒಂಬತ್ತು ಹನ್ನೆರಡು. ಆರನೆಯದರಲ್ಲಿ, ಮೂವತ್ತೆಂಟರ ಆಗಸ್ಟ್ ಹೊತ್ತಿಗೆ, ಹತ್ತು ಸ್ಟೋನ್ ನಾಲ್ಕು. ಆಮೇಲೆ ಐದು ವಾರ ಬೇರೆ ಯಾರದೋ ದಪ್ಪ ಅಕ್ಷರದಲ್ಲಿ, 'ಮರಳಿನ ಮೂಟೆ ಮೂರು'. ಆರನೇ ವಾರ ಮತ್ತೆ ಅದೇ ತೆಳು ಪೆನ್ಸಿಲು: ಮೂಟೆ ಎರಡು, ಹೆಂಡತಿ ಒಂದು, ಎಂಟು ಸ್ಟೋನ್ ಹನ್ನೊಂದು. ಚಹಾ ಚೆಲ್ಲಿಲ್ಲ. ಆ ಕಾಲಮ್ಮಿನಲ್ಲಾಗಲಿ ಮುಂದಿನ ಯಾವ ಪುಟದಲ್ಲಾಗಲಿ ಮಗುವಿನ ಸುದ್ದಿ ಇರಲಿಲ್ಲ.

ವಿಜಯಾ ಭೂತಕನ್ನಡಿ ಕೆಳಗಿಟ್ಟಳು. ಅಪೂರ್ವಾಳಿಗಿಂತ ಮೊದಲಿನ ಬಸಿರು ಏಳು ತಿಂಗಳಿಗೆ ಹೋದಾಗ ಅವಳು ಹದಿನೆಂಟನೇ ದಿನ ವಕೀಲರ ಆಫೀಸಿಗೆ ಹೋಗಿ ಟೈಪ್‌ರೈಟರಿನ ಮುಂದೆ ಕೂತಿದ್ದಳು.

"ಯಾಕೆ ನಿಲ್ಲಿಸ್ದೆ?" ಅಂದ ವೇಣುಗೋಪಾಲ. ಅವಳು ತೋರಿಸಿದಳು. ಅವನು ಬಗ್ಗಿ ನೋಡಿದ, ಪುಟ ಹಿಂದೆ ಮುಂದೆ ತಿರುವಿದ. "ಅರೆ, ಇದು ಮುಖ್ಯ. ಹಿಂದಿನ ಭಾರದಲ್ಲಿ ಇಪ್ಪತ್ತೊಂದು ಪೌಂಡು ವ್ಯತ್ಯಾಸ ಬಂದಿದೆ. ಸ್ಪ್ರಿಂಗಿನ ಲೆಕ್ಕಕ್ಕೆ ಅಡಿಟಿಪ್ಪಣಿ ಹಾಕ್ಬೇಕು."

ಏಪ್ರಿಲಿನಲ್ಲಿ ಎರಡನೇ ಇಂಜೆಕ್ಷನ್ ಆಯಿತು. ಕರೆದುಕೊಂಡು ಹೋಗುತ್ತಿದ್ದದ್ದು ರೋಜ್. ಉಡುಪಿ ಕಡೆಯ ಶಿರ್ವದವಳು, ಶಾಲೆಯ ಅಡುಗೆಮನೆಯಲ್ಲಿ ವಿಜಯಾಳ ಜೊತೆ ಹದಿನೈದು ವರ್ಷ ಆಲೂಗೆಡ್ಡೆ ಸುಲಿದವಳು. "ನಿಮ್ಮ ಯಜಮಾನರು ಎಂತ ಬರೆಯುವುದು ಮಾರಾಯ್ತಿ?" ಅಂತ ಕಾರು ಓಡಿಸುತ್ತ ಕೇಳಿದಳು. "ಓದುವುದು ನೀವು, ಟೈಪು ಮಾಡುವುದು ನೀವು, ಮತ್ತೆ ಅವರು ಮಾಡುವುದು ಎಂತ, ಕಾಫಿ ಕುಡಿಯುವುದಾ?"

"ಅದೂ ನಾನೇ ಮಾಡಿಕೊಟ್ಟದ್ದು," ಅಂದಳು ವಿಜಯಾ. ಇಬ್ಬರೂ ನಕ್ಕರು. ಮೂರನೇ ಇಂಜೆಕ್ಷನ್ ಮೇ ಹದಿನಾಲ್ಕು, ಗುರುವಾರ, ಹತ್ತೂವರೆ.

ಆ ಕಾರು ಇನ್ನೂ ಬದುಕಿತ್ತು. ಲಂಡನ್ನಿನ ಉತ್ತರಕ್ಕೆ, ಆಲ್ಕಾಟ್ ಎಂಬ ಸಿರಿವಂತ ಮುದುಕನ ಕೊಟ್ಟಿಗೆಯಲ್ಲಿತ್ತು. ಸಂಘದವರು ಮಾತಾಡಿದರು. ಹಳೆಯ ದಾರಿಯಲ್ಲೇ, ಹಳೆಯ ಕ್ರಮದಲ್ಲೇ, ಇನ್ನೊಮ್ಮೆ ಆ ಪರೀಕ್ಷೆ ಮಾಡುವುದು ಅಂತ ಗೊತ್ತಾಯಿತು. ಕಾರು ಮೇ ಮೂರನೇ ವಾರ ಮ್ಯೂಸಿಯಮ್ಮಿಗೆ ಹೋಗುವುದಿತ್ತು. ರಸ್ತೆಗೆ ತರಲು ಪರವಾನಗಿ ಸಿಕ್ಕಿದ್ದು ಒಂದೇ ದಿನಕ್ಕೆ, ಮೇ ಹದಿನಾಲ್ಕಕ್ಕೆ.

"ಹದಿನಾಲ್ಕು ನನ್ನ ಇಂಜೆಕ್ಷನ್ನು."

"ಅದನ್ನ ಬೇರೆ ದಿನಕ್ಕೆ ಹಾಕಿಸ್ತೀನಿ ಬಿಡು. ಇಂಜೆಕ್ಷನ್ ಅವರ ಹತ್ರ ದಿನಾ ಇರುತ್ತೆ. ಆ ಕಾರು ದಿನಾ ಇರಲ್ಲ."

ಆಸ್ಪತ್ರೆಯ ಅರ್ಜಿಯಲ್ಲಿ ಫೋನ್ ನಂಬರ್ ಕೇಳಿದ ಕಡೆ ವಿಜಯಾ ಗಂಡನ ನಂಬರೇ ಬರೆದಿದ್ದಳು. ಬ್ಯಾಂಕು, ಕೌನ್ಸಿಲು, ಗ್ಯಾಸು, ಬಡಾವಣೆಯ ಡಾಕ್ಟರು, ಎಲ್ಲ ಕಡೆಯೂ ಹಾಗೇ ಬರೆದು ರೂಢಿ. ಮೆಸೇಜು ಬರುವುದು ಅವನಿಗೆ, ಉತ್ತರ ಕೊಡುವುದು ಅವನು. ಕಾರು ಸರ್ವೀಸಿಗೆ ಕೊಡುವ ದಿನ ಬದಲಾಯಿಸಿದ ಹಾಗೆ ಹೆಬ್ಬೆರಳಲ್ಲಿ ಒತ್ತಿದ. "ಹೊಸ ತಾರೀಕು ಕಳಿಸ್ತಾರಂತೆ. ಮುಂದಿನ ವಾರ ಕೊಡ್ತಾರೆ."

ಬೇಡ ಅನ್ನಬಹುದಿತ್ತು. ರೋಜ್ ಜೊತೆ ಹೋಗ್ತೀನಿ, ನೀವು ಕಾರಿಗೆ ಹೋಗಿ ಅನ್ನಬಹುದಿತ್ತು. ಆ ಮಾತು ನಾಲಿಗೆಯವರೆಗೆ ಬಂದಿತ್ತು ಕೂಡ. ಅದರ ಬದಲು ಅವಳು ಕೇಳಿದ್ದು ಬೇರೆ.

"ಹಿಂದೆ ಯಾರು ಕೂರ್ತಾರೆ?"

"ಇನ್ಯಾರು? ಹಳೇ ಕ್ರಮದಲ್ಲೇ ಆಗ್ಬೇಕಲ್ಲ. ನೀನೇ."

ವಿಜಯಾ ಬಚ್ಚಲುಮನೆಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತಳು. ಐವತ್ತೆಂಟು ಕಿಲೋ. ಹೊರಗೆ ಬಂದು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದಳು. ಒಂಬತ್ತು ಸ್ಟೋನ್ ಎರಡು ಪೌಂಡು. ಬಹಳ ದಿನಗಳಿಂದ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಹದಿಮೂರರಂದು ದಿನವಿಡೀ ಅಡುಗೆ. ಸಂಘದವರು ಇಪ್ಪತ್ತೆರಡು ಜನ, ಎಲ್ಲರಿಗೂ ಪುಳಿಯೋಗರೆ, ಕೋಡುಬಳೆ, ಖಾರವಾಗದವರಿಗೆ ಬೇರೆ ಚಿತ್ರಾನ್ನ. ಮರುದಿನ ಎಜ್‌ವೇರ್ ರಸ್ತೆಯಲ್ಲಿ ಹಿಂದೆ ಕಾರ್ಖಾನೆ ಇದ್ದ ಜಾಗದ, ಈಗ ಮಂಚ ಹಾಸಿಗೆ ಮಾರುವ ಅಂಗಡಿಯ ಅಂಗಳದಲ್ಲಿ ಒಂಬತ್ತೂಕಾಲಿಗೆ ಕಾರು ಬಂದು ನಿಂತಿತು. ಬೂದು ನೀಲಿ ಬಣ್ಣ, ದೋಣಿಯ ಹಾಗೆ ಉದ್ದ. ಒಳಗೆ ತೊಗಲಿನ, ಹಳೇ ಮೇಣದ ವಾಸನೆ. ಆಲ್ಕಾಟ್ ಓಡಿಸುವವನು, ವೇಣುಗೋಪಾಲ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ. ಹಿಂದೆ ಎರಡು ಮರಳಿನ ಮೂಟೆಗಳ ನಡುವೆ ರೇಷ್ಮೆ ಸೀರೆ ಉಟ್ಟ ವಿಜಯಾ, ಒಂದು ಕೈಯಲ್ಲಿ ಚಹಾದ ತಟ್ಟೆ, ತೊಡೆಯ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ.

"ಬರ್ಕೋ," ಅಂದ ವೇಣುಗೋಪಾಲ ತಿರುಗದೆ. "ಹಿಂದಿನ ಭಾರ: ಮೂಟೆ ಎರಡು, ಹೆಂಡತಿ ಒಂದು, ಐವತ್ತೆಂಟು ಕಿಲೋ."

ಅವಳು ಬರೆದಳು: ಮೂಟೆ ಎರಡು. ವಿಜಯಾ, ಐವತ್ತೆಂಟು ಕಿಲೋ.

ಬ್ರಾಕ್ಲಿ ಹಿಲ್ ಏರುವಾಗ ಪೆನ್ಸಿಲು ನಡುಗಿತು. ಇಳಿಯುವಾಗ ಬಲಕ್ಕೆ ಜಾರಿತು. ತಾನು ನಡುಗಿಸಿದ್ದಲ್ಲ, ತಡೆಯಲು ನೋಡಿದರೂ ಜಾರಿತು. ಎರಡನೇ ಪುಸ್ತಕದಲ್ಲಿ ಕಂಡ ಅಕ್ಷರದ ಅದೇ ಬಾಲ, ಅದೇ ಸಾಲಿನಲ್ಲಿ. ವಿಜಯಾ ಬಲಗಣ್ಣನ್ನು ಹಾಳೆಯ ಹತ್ತಿರ ತಂದು ನೋಡಿದಳು. ಎಂಬತ್ತೆಂಟು ವರ್ಷದ ಹಿಂದೆ ಇಲ್ಲಿ ಕೂತವಳು ಬಗ್ಗಿ ಇದೇ ಜಾಗದಲ್ಲಿ ಇದೇ ಬಾಲ ಎಳೆದಿದ್ದಳು. ಅವಳ ಹೆಸರೊಂದು ಗೊತ್ತಿದ್ದರೆ ಈಗ ಬಾಯಲ್ಲಿ ಒಂದು ಸಲ ಅನ್ನಬಹುದಿತ್ತು.

ಎಲ್‌ಸ್ಟ್ರೀ ದಾಟಿದ ಮೇಲೆ ವೇಗ ಹೆಚ್ಚಿತು. ಹಿಂದೆ ಎಡಗಡೆ, ಸೀಟಿನ ಅಡಿಯಲ್ಲಿ ಸಣ್ಣ ಸದ್ದು. ಇಡ್ಲಿ ಪಾತ್ರೆಯ ತಳಕ್ಕೆ ಹಾಕಿದ ನಾಣ್ಯ ನೀರು ಕುದಿಯುವಾಗ ಕುಣಿಯುವ ಹಾಗೆ. ನಲವತ್ತು ವರ್ಷ ಆ ನಾಣ್ಯದ ಸದ್ದಿಗೆ ಕಿವಿಯಿಟ್ಟವಳು ಅವಳು. ನೀರು ಆರಿತೋ ಇದೆಯೋ ಬೇರೆ ಕೋಣೆಯಲ್ಲಿದ್ದೇ ಹೇಳುವವಳು.

"ರೀ, ಎಡಗಡೆ ಏನೋ ಬಡೀತಿದೆ. ವೇಗ ಎಷ್ಟು ನೋಡಿ."

"ನಲವತ್ತೆರಡು. ಏನೂ ಬಡೀತಿಲ್ಲ." ಆಲ್ಕಾಟನನ್ನು ಕೇಳಿದ. ಆಲ್ಕಾಟನೂ ತಲೆಯಾಡಿಸಿ, ಈ ಕಾರಿನಲ್ಲಿ ಸದ್ದು ಅನ್ನುವುದೇ ಇಲ್ಲಮ್ಮ ಅಂದ.

ವಿಜಯಾ ಬರೆದಳು: ನಲವತ್ತೆರಡರಲ್ಲಿ ಹಿಂದೆ ಎಡಗಡೆ ಬಡಿತ. ವೇ.ಗೆ ಕೇಳಿಸುತ್ತಿಲ್ಲ.

ವಾಪಸು ಬಂದ ಮೇಲೆ ಆಲ್ಕಾಟನ ಮೆಕ್ಯಾನಿಕ್ ಕಾರಿನ ಕೆಳಗೆ ನುಸುಳಿ, ಎಡ ಸ್ಪ್ರಿಂಗಿನ ಬೋಲ್ಟು ಸಡಿಲಾಗಿದೆ ಅಂತ ಕೈಯಲ್ಲಿ ಹಿಡಿದು ತೋರಿಸಿದ. ಎಲ್ಲರೂ ವೇಣುಗೋಪಾಲನ ಕೈ ಕುಲುಕಿದರು. ವಿಜಯಾ ಆಗ ಸಂಘದವರೊಬ್ಬರ ಕಾರಿನ ಡಿಕ್ಕಿಯಿಂದ ಪುಳಿಯೋಗರೆ ಪೊಟ್ಟಣ ಇಳಿಸುತ್ತಿದ್ದಳು.

ಹೊಸ ತಾರೀಕು ಬಂತು. ಮುಂದಿನ ವಾರವಲ್ಲ, ಜುಲೈ ಎರಡು.

"ಏಳು ವಾರವಾ?" ರೋಜ್ ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತಳು. "ನಿಮಗೆ ಮಂಡೆ ಸಮ ಉಂಟಾ ವಿಜಯಕ್ಕ? ನನಗೆ ಒಂದು ಫೋನ್ ಮಾಡಿದ್ದರೆ ನಾನು ಕರಕೊಂಡು ಹೋಗ್ತಿರಲಿಲ್ವಾ?"

"ಇವರು ಮುಂದಿನ ವಾರ ಕೊಡ್ತಾರೆ ಅಂದಿದ್ರು."

"ಇವರು ಅಂದರೆ ಯಾರು, ಆಸ್ಪತ್ರೆಯವರಾ, ನಿಮ್ಮ ಯಜಮಾನರಾ?"

ರೋಜ್ ಅವಳಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿದಳು. ಅಲ್ಲಿಯವರೆಗೆ ಎಲ್ಲ ಭರ್ತಿ, ಯಾರಾದರೂ ಬಿಟ್ಟುಕೊಟ್ಟರೆ ಕರೆಯುತ್ತೇವೆ, ನೋಟದಲ್ಲಿ ವ್ಯತ್ಯಾಸವಾದರೆ ತಕ್ಷಣ ಬನ್ನಿ ಅಂದರು. ಕರೆಯುವ ನಂಬರು ಯಾವುದು ಅಂತ ಕೇಳಿದಾಗ ವಿಜಯಾಗೆ ತನ್ನದೇ ನಂಬರು ಬಾಯಿಗೆ ಬರಲಿಲ್ಲ. ರೋಜ್ ತನ್ನದನ್ನು ಕೊಟ್ಟಳು.

ವಿಜಯಾ ದಿನಾ ಬೆಳಿಗ್ಗೆ ಟೈಲು ನೋಡುವಳು. ನೆಟ್ಟಗಿತ್ತು. ಎಂಟನೇ ಪುಸ್ತಕ ಮುಗಿಯಿತು, ಒಂಬತ್ತು, ಹತ್ತು. ಎರಡರಿಂದ ನಾಲ್ಕರ ಬದಲು ಒಂದರಿಂದ ಐದರವರೆಗೆ ಕೂತಳು. ವೇಣುಗೋಪಾಲನಿಗೇ ಆಶ್ಚರ್ಯ. "ನನಗಿಂತ ನಿನಗೇ ಜಾಸ್ತಿ ಅವಸರ ಆಗಿದೆಯಲ್ಲೇ." ಹತ್ತರಲ್ಲೂ ಹೆಸರಿಲ್ಲ, ಮಗುವಿಲ್ಲ. ಹನ್ನೊಂದರ ಕೊನೆಯ ಪುಟವನ್ನು ಜೂನ್ ಎಂಟರ ಸಾಯಂಕಾಲ ಟೈಪು ಮಾಡಿದಳು. ಇನ್ನು ಉಳಿದದ್ದು ಒಂದೇ.

ಒಂಬತ್ತರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುವಾಗ ಗೋಡೆಯ ಗೆರೆ ಬಾಗಿತು. ಕಣ್ಣುಜ್ಜಿಕೊಂಡು ನೋಡಿದಳು. ಬಾಗಿದ ಗೆರೆಯ ಪಕ್ಕ ಬೂದಿ ಬಣ್ಣದ ಕಲೆ. ಎಣ್ಣೆ ಸಿಡಿದಿರಬೇಕು ಅಂತ ಒದ್ದೆ ಬಟ್ಟೆ ತಂದು ಒರೆಸಿದಳು. ಕಲೆ ಹೋಗಲಿಲ್ಲ. ಮುಖ ತಿರುಗಿಸಿದರೆ ಕಲೆಯೂ ಕಿಟಕಿಯ ಕಡೆ ತಿರುಗಿತು, ಬಾಣಲೆಯೊಳಕ್ಕೆ ಇಳಿಯಿತು. ಅವಳು ಒಲೆ ಆರಿಸಿದಳು. ರವೆ ಕಂದುಬಣ್ಣಕ್ಕೆ ಬಂದ ವಾಸನೆ ಬರುತ್ತಿತ್ತು.

ರೋಜ್ ಅರ್ಧ ಗಂಟೆಯಲ್ಲಿ ಬಂದಳು. ಆಸ್ಪತ್ರೆಯಲ್ಲಿ ಅಂದೇ ಇಂಜೆಕ್ಷನ್ ಕೊಟ್ಟರು. ಆಮೇಲೆ ಇನ್ನೂ ಎರಡು ಕೊಟ್ಟರು. ರಕ್ತ ಒಣಗಿತು, ಒಣಗಿದ ಕಡೆ ಗಾಯ ಕಟ್ಟಿತು. ಆಗಸ್ಟಿನಲ್ಲಿ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ವಿಜಯಾಳ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ಸುತ್ತಲಿನ ನೋಟ ಉಳಿಯುತ್ತದೆ, ನಡುವಿನದು ಬರುವುದಿಲ್ಲ. ಮನೆಯೊಳಗೆ ಓಡಾಡಬಹುದು. ಓದು ಬರಹ ಸಾಧ್ಯವಾಗದು. ವೇಣುಗೋಪಾಲ, ಇನ್ನೂ ದೊಡ್ಡ ಭೂತಕನ್ನಡಿ ಸಿಗುತ್ತದಲ್ಲ ಅಂದ. ಡಾಕ್ಟರಮ್ಮ ಇಲ್ಲ ಅಂದರು. ಹೊರಗೆ ಬಂದ ಮೇಲೆ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. "ಒಂದು ಮೆಸೇಜು," ಅಂದ. "ಒಂದು ಮೆಸೇಜು ಒತ್ತಿದ್ದು ಅಷ್ಟೇ." ಎದ್ದೇಳಿ, ಬಸ್ಸು ತಪ್ಪುತ್ತೆ, ಅಂದಳು ವಿಜಯಾ.

ಒಂದು ವಾರ ಅವನೇ ಅನ್ನ ಸಾರು ಮಾಡಿದ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಎರಡನೇ ವಾರ ಇಬ್ಬರೂ ಮಾಡಿದರು. ಮೂರನೇ ವಾರ, ನಿನಗೆ ಕೈ ಅಳತೆಯಲ್ಲೇ ಎಲ್ಲ ಬರುತ್ತಲ್ಲ ವಿಜೀ, ನನಗಿಂತ ಚೆನ್ನಾಗಿ ಮಾಡ್ತೀಯ ಅಂದ. ಹೊಗಳಿಕೆಗೇ ಅಂದದ್ದು. ಅವಳು ಒಲೆಯ ಗುಂಡಿಗಳಿಗೆ ಗಂಟು ಹಾಕಿದ ರಬ್ಬರ್ ಬ್ಯಾಂಡು ಸಿಕ್ಕಿಸಿಕೊಂಡಳು, ಯಾವುದು ಸಣ್ಣುರಿ ಯಾವುದು ದೊಡ್ಡುರಿ ಬೆರಳಿಗೆ ತಿಳಿಯಲಿ ಅಂತ.

ಅಪೂರ್ವಾ ಭಾನುವಾರಗಳಂದು ಮಗುವನ್ನು ಕರೆದುಕೊಂಡು ಬರುತ್ತಿದ್ದಳು. ಒಂದು ಭಾನುವಾರ ವಿಜಯಾ ಹನ್ನೆರಡನೇ ಪುಸ್ತಕವನ್ನು ಅವಳ ಕೈಗಿತ್ತಳು. "ಅಮ್ಮಾ, ಐ ಕಾಂಟ್ ರೀಡ್ ದಿಸ್," ಅಂದಳು ಮಗಳು. "ಇದು ಬರೀ ಸ್ಕ್ರಿಬಲ್ ಅಷ್ಟೆ. ಅಪ್ಪಂಗೆ ಹೇಳು, ಫೋನಲ್ಲಿ ಸ್ಕ್ಯಾನ್ ಮಾಡ್ಲಿ." ಫೋನಿಗೂ ಆ ಅಕ್ಷರ ತಿಳಿಯಲಿಲ್ಲ. ರೋಜ್ ಕನ್ನಡಕ ಹಾಕಿ ಅರ್ಧ ಗಂಟೆ ಕೂತು ಮೊದಲ ಪುಟದ ತಾರೀಕು, ಹವೆ ಓದಿ, "ಇದು ನನ್ನಿಂದ ಆಗುವುದಿಲ್ಲ ವಿಜಯಕ್ಕ," ಅಂತ ಮೂಗು ಒರೆಸಿಕೊಂಡಳು.

ಅಕ್ಟೋಬರಿನಲ್ಲಿ ವೇಣುಗೋಪಾಲನ ಪುಸ್ತಕ ಅಚ್ಚಿಗೆ ಹೊರಟಿತು. ಹನ್ನೊಂದು ನೋಟ್‌ಪುಸ್ತಕಕ್ಕೆ ಹನ್ನೊಂದು ಅಧ್ಯಾಯ. ಮೇ ತಿಂಗಳ ಓಟದ್ದು ಹನ್ನೆರಡನೆಯದು. ಊಟದ ಮೇಜಿನ ಬಳಿ ಕೂತು ಅಲ್ಲಲ್ಲಿ ಓದಿ ಹೇಳಿದ. ನಲವತ್ತೆರಡು ಮೈಲಿ ವೇಗದಲ್ಲಿ ಹಿಂದಿನ ಎಡ ಸ್ಪ್ರಿಂಗಿನ ಬಡಿತವನ್ನು ಪತ್ತೆ ಹಚ್ಚಲಾಯಿತು ಅಂತ ಇತ್ತು.

"ಯಾರು ಹಚ್ಚಿದ್ದು?"

"ಹಚ್ಚಲಾಯಿತು ಅಂದ್ರೆ ಎಲ್ಲರೂ ಸೇರಿ. ಇಂಥ ಪುಸ್ತಕದಲ್ಲಿ ಹಾಗೇ ಬರೀಬೇಕು. ಆಮೇಲೆ ಇನ್ನೊಂದು ಸಣ್ಣ ತಿದ್ದುಪಡಿ ಮಾಡ್ದೆ. ಭಾರದ ಕಾಲಮ್ಮಿನಲ್ಲಿ ನೀನು ನಿನ್ನ ಹೆಸರು ಬರೆದುಬಿಟ್ಟಿದ್ದೆ. ಅದನ್ನ 'ಹೆಂಡತಿ' ಅಂತ ಮಾಡ್ದೆ. ಹಳೇದಕ್ಕೂ ಹೊಸದಕ್ಕೂ ಹೊಂದ್ಬೇಕಲ್ಲ, ಓದೋರಿಗೆ ಗೊಂದಲ ಆಗ್ಬಾರ್ದು."

ವಿಜಯಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಗಂಡನ ಮುಖದ ಕಡೆ ನೋಡಿದರೆ ಮುಖ ಇರುತ್ತಿರಲಿಲ್ಲ. ಕಿವಿ, ಭುಜ, ಹಿಂದಿನ ಕಿಟಕಿಯ ಚೌಕಟ್ಟು ಇರುತ್ತಿತ್ತು.

"ಹನ್ನೆರಡನೇ ನೋಟ್‌ಪುಸ್ತಕ ಏನ್ಮಾಡಿದ್ರಿ?"

"ಅದನ್ನ ಬಿಟ್ಟೆ. ಕೊನೇದು, ಅದರಲ್ಲಿ ಹೊಸದೇನೂ ಇರಲ್ಲ."

"ಒಂದು ಕೆಲಸ ಮಾಡಿ. ನೀವು ಎಲ್ಲ ಓದೋದು ಬೇಡ. ಆ ಭಾರದ ಕಾಲಮ್ಮು ಮಾತ್ರ ನೋಡ್ತಾ ಹೋಗಿ. 'ಹೆಂಡತಿ' ಅನ್ನೋ ಅಕ್ಷರ ನಿಮಗೀಗ ಗೊತ್ತು. ಅದರ ಬದಲು ಬೇರೆ ಏನಾದ್ರೂ ಬರೆದಿದ್ದಾಳಾ ನೋಡಿ. ಹೆಸರು. ಅಥವಾ ಪಕ್ಕದಲ್ಲಿ ಮಗು ಅಂತ. ಪ್ರತಿ ಪುಟನೂ ನೋಡಿ."

"ಈಗಲಾ?"

"ಈಗಲೇ."

ಅವನು ಎದ್ದು ಡಬ್ಬಿಯಿಂದ ಪುಸ್ತಕ ತಂದ. ಮುಚ್ಚಳದ ಸದ್ದು, ಕುರ್ಚಿಯ ಸದ್ದು. ಹನ್ನೊಂದು ಪುಸ್ತಕದ ಎಲೆಗಳನ್ನು ತನ್ನ ಬೆರಳಲ್ಲೇ ತಿರುವಿದವಳು ಅವಳು. ಪ್ರತಿಯೊಂದರಲ್ಲೂ ತೊಂಬತ್ತಾರು ಹಾಳೆ. ಹಳೇ ಕಾಗದ, ಮಗುಚಿದರೆ ಒಣ ಎಲೆ ತುಳಿದ ಹಾಗೆ ಸದ್ದು ಬರುತ್ತದೆ. ವಿಜಯಾ ಹುರುಳಿಕಾಯಿ ಹಿಡಿದ ಕೈ ನಿಲ್ಲಿಸಿ ಕಿವಿಯಿಟ್ಟಳು. ಒಂದು. ಎರಡು. ಮೂರು. ನಾಲ್ಕು ಸ್ವಲ್ಪ ಬೇಗ ಬಂತು. ಐದು, ಆರು. ಆಮೇಲೆ ಹೆಬ್ಬೆರಳು ಅಂಚಿನ ಮೇಲೆ ಸರ್ರಂತ ಓಡಿತು, ಇಸ್ಪೀಟಿನ ಕಟ್ಟು ಬಿಟ್ಟ ಹಾಗೆ. ಕೊನೆಗೆ ಒಂದು ಎಲೆ. ಏಳು.

"ಇಲ್ಲ ಕಣೇ," ಅಂದ ವೇಣುಗೋಪಾಲ. ದನಿ ಮೃದುವಾಗಿತ್ತು. "ಎಲ್ಲ ಪುಟದಲ್ಲೂ 'ಹೆಂಡತಿ' ಅಂತಲೇ ಇದೆ."

"ಎಲ್ಲ ನೋಡಿದ್ರಾ?"

"ನೋಡಿದ್ನಲ್ಲ, ನಿನ್ನೆದುರಿಗೇ."

ಪುಸ್ತಕ ಡಬ್ಬಿಗೆ ಬಿತ್ತು. ಮುಚ್ಚಳ ಬಿಗಿಯಾಗಿ ಕೂತುಕೊಳ್ಳಲು ಅವನು ಎರಡು ಸಲ ಅಂಗೈಯಲ್ಲಿ ತಟ್ಟಿದ. ಪಲ್ಯಾನಾ ಹುಳೀನಾ ಇವತ್ತು ಅಂತ ಕೇಳಿದ. ವಿಜಯಾ ಪಲ್ಯ ಅಂದಳು. ಬಟ್ಟಲು ಸೊಂಟಕ್ಕಿಟ್ಟುಕೊಂಡು ಎದ್ದು, ಇನ್ನೊಂದು ಕೈಯಲ್ಲಿ ಗೋಡೆಯ ಟೈಲು ಸವರುತ್ತ ಒಲೆಯ ಹತ್ತಿರ ಹೋದಳು. ಬೆರಳಿನ ಕೆಳಗೆ ಗೆರೆ ನೆಟ್ಟಗೇ ಇತ್ತು.